ಗುರುವಾರದ ಕೆಂಪು ಸೂಜಿ

ಗುರುವಾರ ನನ್ನ ಮೇಜಿನ ಮುಂದೆ ಯಾರು ಮೊದಲು ನಿಲ್ಲುತ್ತಿದ್ದರು, ಯಾರು ಕಡೆಗೆ ನಿಲ್ಲುತ್ತಿದ್ದರು ಎಂಬುದನ್ನು ನಾನು ಇವತ್ತಿಗೂ ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ನಿವೃತ್ತಿಯ ದಿನ ನನಗೆ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಮೂರು ಮಂದಿ ಭಾಷಣ ಮಾಡಿ ನನ್ನ ಸೇವೆಯನ್ನು ಕೊಂಡಾಡಿದರು. ಆ ಮೂರೂ ಭಾಷಣಗಳಲ್ಲಿ ಆ ಸಾಲಿನ ಮಾತು ಬರಲಿಲ್ಲ. ಬರುವುದಾದರೂ ಹೇಗೆ? ಅಲ್ಲಿ ಕುಳಿತವರಲ್ಲಿ ಅದು ಗೊತ್ತಿದ್ದವಳು ನಾನೊಬ್ಬಳೇ.

ಈಗ ನನ್ನ ತಂಗಿಯ ಮಗಳು ಅದೇ ನರ್ಸ್ ನೌಕರಿಯ ಆರ್ಡರು ಹಿಡಿದುಕೊಂಡು ಬಂದಿದ್ದಾಳೆ. "ದೊಡ್ಡವ್ವ, ಹಳ್ಳಿಯೊಳಗ ಹೆಂಗ ಇರಬೇಕು, ಏನ ಮಾಡಬೇಕು, ಒಂದೀಟು ಹೇಳ್ರಿ" ಅಂದಳು. ಬಾಯಿಂದ ಹೇಳಿದರೆ ನನಗೆ ಸಿಟ್ಟು ಬಂದು ಮಾತು ಎತ್ತೆತ್ತಲೋ ಹೋಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ. ಅವಳೂ ಓದಲಿ, ಅವಳಂಥ ಉಳಿದವರೂ ಓದಲಿ.

ಎಂಬತ್ತರ ದಶಕದ ನಡುಭಾಗ. ನವಲಗುಂದ ತಾಲೂಕು, ಶಲವಡಿಯ ಆಚೆ ಎರೆಹೊಲಗಳ ನಡುವೆ ಒಂದು ಊರು. ಹೆಸರು ಬರೆಯುವುದಿಲ್ಲ. ಆ ಊರಿನ ಮೊಮ್ಮಕ್ಕಳು ಈಗ ಒಳ್ಳೆಯವರಾಗಿ ಬಾಳುತ್ತಿದ್ದಾರೆ, ಅವರನ್ನೇಕೆ ಎಳೆದು ತರಲಿ. ಬಾವಿ ತೋಡಿದರೆ ಸವಳು ನೀರು ಬರುವ ನೆಲ ಅದು. ಹಾಗಾಗಿ ಕುಡಿಯುವುದಕ್ಕೆ ಊರಿಗೆಲ್ಲ ಒಂದೇ ಕೆರೆ, ಕೆರೆಗೆ ಇಳಿಯಲು ಒಂದೇ ಸಾಲು ಕಲ್ಲಿನ ಮೆಟ್ಟಿಲು. ದವಾಖಾನೆಯೆಂದರೆ ಎರಡು ಕೋಣೆ. ಒಂದರಲ್ಲಿ ನಾನಿರುತ್ತಿದ್ದೆ, ಇನ್ನೊಂದರಲ್ಲಿ ಔಷಧ ಇರುತ್ತಿತ್ತು. ಡಾಕ್ಟರ ಸಾಹೇಬರು ಹುಬ್ಬಳ್ಳಿಯಿಂದ ಮಂಗಳವಾರ, ಶುಕ್ರವಾರ ಮೋಟಾರ್ ಸೈಕಲ್ ಮೇಲೆ ಬರುತ್ತಿದ್ದರು. ಉಳಿದ ದಿನ ಊರಿಗೆ ನಾನೇ ಡಾಕ್ಟರು, ನಾನೇ ಕಂಪೌಂಡರು, ನಾನೇ ಕಸ ಹೊಡೆಯುವಾಕೆ.

ಗುರುವಾರ ಮುದುಕರ ದಿನ. ಸರಕಾರ ಮಾಡಿದ್ದಲ್ಲ, ತಾನಾಗಿಯೇ ಆದದ್ದು. ಸೊಂಟ ಹಿಡಿದಿದೆ, ಮೊಣಕಾಲು ಸೇದುತ್ತಿದೆ, ಕಣ್ಣು ಕತ್ತಲೆ ಬರುತ್ತಿದೆ ಎಂದು ಬಂದ ಮುದುಕ ಮುದುಕಿಯರಿಗೆ ಸಾಹೇಬರು "ವಯಸ್ಸಾತಲ್ಲ, ಶಕ್ತಿ ಇಂಜೆಕ್ಷನ್ ಕೊಡ್ರಿ ಸಿಸ್ಟರ್" ಎಂದು ಬರೆದುಬಿಡುತ್ತಿದ್ದರು. ಬಿ-ಟ್ವೆಲ್ವ್‌ದು, ಬಣ್ಣ ಕೆಂಪು. ಗುಳಿಗೆ ಕೊಟ್ಟರೆ ಮೂಸಿ ನೋಡಿ ಉಡಿಯಲ್ಲಿ ಕಟ್ಟಿಕೊಂಡು ಹೋಗುವವರು, ಕೆಂಪು ಸೂಜಿಗೆ ಮಾತ್ರ ಕೋಲು ಊರಿಕೊಂಡು ಬರುತ್ತಿದ್ದರು. "ಬಾಯಾರ, ಕೆಂಪಂದು ಮಾಡ್ರಿ, ರಕ್ತ ಹೋಗಿ ರಕ್ತಕ್ಕ ಕೂಡ್ತೈತಿ" ಅನ್ನುತ್ತಿದ್ದರು.

ಹದಿನೈದು ಇಪ್ಪತ್ತು ಮಂದಿಯ ಸಾಲು. ಎಲ್ಲರಿಗಿಂತ ಮುಂದೆ ಪಂಚಾಯತಿ ಚೇರಮನ್ನರ ತಾಯಿ ಗೌರವ್ವ. ಅವಳ ಹಿಂದೆ ಹೊಲಮನೆ ಇದ್ದವರು, ಅವರ ಹಿಂದೆ ಕೂಲಿಯವರು, ಎಲ್ಲಕ್ಕೂ ಕಡೆಗೆ ಕೇರಿಯವರು. ನಾನು ಯಾರಿಗೂ ಹಾಗೆ ನಿಲ್ಲಿರೆಂದು ಹೇಳಲಿಲ್ಲ. ಹಾಗೆ ನಿಲ್ಲಬೇಡಿರೆಂದೂ ಹೇಳಲಿಲ್ಲ. ಮುಂದಿನವರಿಗೆ ಅದರ ಕಾರಣ ಸ್ಪಷ್ಟವಿತ್ತು. ಕೇರಿಯವರಿಗೆ ಮಾಡಿದ ಸೂಜಿ ತಮ್ಮ ಮೈಗೆ ತಾಗಬಾರದು. ತಮಗೆ ಮಾಡಿದ್ದು ಅವರ ಮೈಗೆ ಹೋದರೆ ಅದರ ಚಿಂತೆ ಯಾರಿಗೂ ಇರಲಿಲ್ಲ.

ಈಗ ನಾಚಿಕೆ ಬಿಟ್ಟು ನಾನು ಕೆಲಸ ಮಾಡುತ್ತಿದ್ದ ರೀತಿ ಹೇಳುತ್ತೇನೆ. ನನ್ನ ಹತ್ತಿರ ಇದ್ದದ್ದು ಗಾಜಿನ ಸಿರಿಂಜು ಎರಡು, ಅದರಲ್ಲಿ ಒಂದು ಸೀಳಿತ್ತು. ಸೂಜಿ ಏಳೆಂಟು. ಮೊಂಡಾದರೆ ಕಲ್ಲಿಗೆ ಮಸೆಯುತ್ತಿದ್ದೆವು. ಸೂಜಿ ಸಿರಿಂಜು ಕುದಿಸುವ ಒಂದು ಸ್ಟೀಲಿನ ಡಬ್ಬಿ, ಒಂದು ಸ್ಟೋವು. ಸ್ಟೋವಿಗೆ ಚಿಮಣಿ ಎಣ್ಣೆ ತಿಂಗಳಿಗೆ ಇಷ್ಟೇ ಎಂದು ಅಳೆದು ಬರುತ್ತಿತ್ತು, ಅದೂ ದಾರಿಯಲ್ಲಿ ಇಳಿಯುತ್ತ ಇಳಿಯುತ್ತ ಬರುತ್ತಿತ್ತು. ಹಾಗಾಗಿ ಬೆಳಗ್ಗೆ ಒಮ್ಮೆ ಕುದಿಸುವುದು. ಆಮೇಲೆ ದೊಡ್ಡ ಸಿರಿಂಜಿನಲ್ಲಿ ಔಷಧ ತುಂಬಿಕೊಂಡು ಒಬ್ಬೊಬ್ಬರಿಗೆ ಒಂದಿಷ್ಟು ಒತ್ತುತ್ತ ಹೋಗುವುದು. ನಡುವೆ ಸೂಜಿ ಬದಲಿಸುವುದು, ಸೂಜಿ ತೀರಿದರೆ ಅದನ್ನೇ ಸ್ಪಿರಿಟ್ಟಿನ ಅರಳೆಯಿಂದ ಒರೆಸುವುದು. "ಸೂಜಿ ಬದಲ ಮಾಡಿದ್ರ ಮುಗೀತು, ಸಿರಿಂಜು ಮೈಗೆ ಎಲ್ಲಿ ತಾಕ್ತೈತಿ?" ಎಂದು ನನಗೆ ಕಲಿಸಿದ ಹಿರಿಯ ಸಿಸ್ಟರ್ ಹೇಳಿದ್ದರು. ಅವರಿಗೆ ಇನ್ಯಾರೋ ಹೇಳಿದ್ದರು. ಚುಚ್ಚಿದ ಮೇಲೆ ಪಿಸ್ಟನ್ ಹಿಂದಕ್ಕೆ ಎಳೆದು ನೋಡುತ್ತೇವಲ್ಲ, ಆಗ ಕೂದಲೆಳೆಯಷ್ಟು ರಕ್ತ ಗಾಜಿನೊಳಗೆ ಬರುವುದು ನನ್ನ ಕಣ್ಣಿಗೇ ಕಾಣುತ್ತಿತ್ತು. ಔಷಧವೇ ಕೆಂಪು. ಆ ಕೆಂಪಿನಲ್ಲಿ ಈ ಕೆಂಪು ಕರಗಿಹೋಗುತ್ತಿತ್ತು. ಕಂಡೂ ಕಾಣಲಿಲ್ಲ.

ಸಾಲಿನ ಕಟ್ಟಕಡೆಗೆ ನಿಲ್ಲುತ್ತಿದ್ದವಳು ಸಾವಂತ್ರವ್ವ. ಅರವತ್ತು ದಾಟಿತ್ತು. ಬೌದ್ಧ ದೀಕ್ಷೆ ತೆಗೆದುಕೊಂಡ ಮನೆತನದವಳು, ಕೇರಿಯ ಸೂಲಗಿತ್ತಿ. ಹೆಸರಿಗೆ ಕೇರಿಯ ಸೂಲಗಿತ್ತಿಯೇ ಹೊರತು, ಹೆರಿಗೆ ಅಡ್ಡಾದರೆ ಹಿತ್ತಲ ಬಾಗಿಲಿನಿಂದ ಗೌಡರ ಮನೆಗೂ ಕರೆಯುತ್ತಿದ್ದರು. ಸೂಲಗಿತ್ತಿಯರಿಗೆ ತಿಂಗಳ ತರಬೇತಿ ಕೊಡುವಾಗ ಅವಳು ನನ್ನ ವಿದ್ಯಾರ್ಥಿನಿ. "ಹೊಕ್ಕಳ ಕೊಯ್ಯೋ ಬ್ಲೇಡು, ಕಟ್ಟೋ ದಾರ ಇಪ್ಪತ್ತು ಮಿನಿಟು ಕುದಿಸಬೇಕು. ಹತ್ತೊಂಬತ್ತು ಆದ್ರೂ ನಡಿಯಂಗಿಲ್ಲ" ಎಂದು ನಾನು ಪಾಠ ಹೇಳಿದೆ.

"ಬಾಯಾರ, ನಮ್ಮ ಗುಡಿಸಲದಾಗ ಗಡಿಯಾರ ಇಲ್ರಿ. ಇಪ್ಪತ್ತು ಮಿನಿಟು ಅಂದ್ರ ಎಷ್ಟು ರೊಟ್ಟಿ ಆತರಿ?" ಎಂದು ಕೇಳಿದಳು.

ಎಲ್ಲರೂ ನಕ್ಕರು. ನಾನೂ ನಕ್ಕೆ. ಆದರೆ ಸಂಜೆ ರೊಟ್ಟಿ ಬಡಿಯುವಾಗ ಕೈಗಡಿಯಾರ ಒಲೆಯ ಬಾಜು ಇಟ್ಟು ನೋಡಿದೆ. ಬಡಿದು, ಹಂಚಿಗೆ ಹಾಕಿ, ಬೇಯಿಸಿ ತೆಗೆಯುವುದಕ್ಕೆ ಒಂದಕ್ಕೆ ಎರಡು ಮಿನಿಟು. ಮರುದಿನ "ಹತ್ತು ರೊಟ್ಟಿ" ಅಂದೆ. ಅವತ್ತಿನಿಂದ ಸಾವಂತ್ರವ್ವನ ಬ್ಲೇಡು ಹತ್ತು ರೊಟ್ಟಿಯ ಹೊತ್ತು ಕುದಿಯದೆ ಯಾವ ಕೂಸಿನ ಹೊಕ್ಕಳಿಗೂ ತಾಗಲಿಲ್ಲ. ಕಟ್ಟಿಗೆ ಇಲ್ಲದಿದ್ದರೆ ಸಗಣಿ ಕುಳ್ಳು, ಅದೂ ಇಲ್ಲದಿದ್ದರೆ ಹತ್ತಿಕಟ್ಟಿಗೆ. ಅವಳಿಗೆ ಚಿಮಣಿ ಎಣ್ಣೆಯ ನೆಪ ಇರಲಿಲ್ಲ.

ಆ ವರ್ಷ ದೀಪಾವಳಿಯ ಮುಂದೆ ಗೌರವ್ವನಿಗೆ ಹುಬ್ಬಳ್ಳಿಯಲ್ಲಿ ಗರ್ಭಕೋಶದ ಆಪರೇಶನ್ ಆಯಿತು. ಎರಡು ಬಾಟಲಿ ರಕ್ತ ಏರಿಸಿದರಂತೆ. ತಿಂಗಳಲ್ಲಿ ಚೇತರಿಸಿಕೊಂಡು ಮತ್ತೆ ಗುರುವಾರದ ಸಾಲಿನ ತಲೆಗೆ ಬಂದು ನಿಂತಳು. ಸಂಕ್ರಾಂತಿಯ ಹೊತ್ತಿಗೆ ಎರಡು ವಾರ ಬರಲಿಲ್ಲ. ನಾನು ದಿನಚರಿ ಬರೆಯುತ್ತಿದ್ದೆ, ಇಲಾಖೆಯವರು ಕೇಳುವ ದಿನಚರಿಯಲ್ಲ, ನನ್ನದೇ ಒಂದು. ಯಾರ ಮನೆಯಲ್ಲಿ ಯಾರು ಉಂಡರು, ಯಾರು ಬಿಟ್ಟರು, ಯಾರ ಸೊಸೆ ತವರಿಗೆ ಹೋದಳು, ಇಂಥವೇ. ಅದರಲ್ಲಿ ಹೀಗೆ ಬರೆದಿದ್ದೆ: "ಗೌರವ್ವ ಬಂದಿಲ್ಲ. ಅನ್ನ ಕಂಡರೆ ವಾಕರಿಕೆಯಂತೆ, ಸೊಸೆ ಹೇಳಿದಳು. ಒಳಗೆ ಕರೆಯಲಿಲ್ಲ." ಅಷ್ಟೇ. ಮುಂದಿನ ಗುರುವಾರ ಯಾರ್ಯಾರು ಬಂದರು ಎಂದು ಬರೆದು ಸುಮ್ಮನಾಗಿದ್ದೆ.

ಶಿವರಾತ್ರಿ ಕಳೆದ ಮೇಲೆ ಕಲ್ಲಪ್ಪಜ್ಜ ಮಲಗಿದ. ಅಣ್ಣಿಗೇರಿಯಲ್ಲಿ ಹತ್ತಿ ಅಂಡಿಗೆ ಹೊತ್ತು ಹೊತ್ತು ಬೆನ್ನು ಬಾಗಿಸಿಕೊಂಡ ಹಮಾಲ. ನಾನು ಮನೆಗೆ ಹೋದಾಗ ಹಗಲಲ್ಲಿ ಗೊರಕೆ ಹೊಡೆಯುತ್ತಿದ್ದ. ಎಬ್ಬಿಸಿದರೆ ಎದ್ದು ಕುಳಿತು, "ಲೇ ಪೋರಿ, ಲಾರಿ ಬಂತು, ಅಂಡಿಗಿ ಏರಿಸ್ರಿ ಲಗೂನ" ಎಂದು ನನಗೇ ಹುಕುಂ ಮಾಡಿದ. ಅವನ ಹೆಂಡತಿ ನಿಂಗವ್ವ ಸೆರಗು ಬಾಯಿಗೆ ಇಟ್ಟುಕೊಂಡು ನಕ್ಕಳು. "ಅರಳುಮರಳ ಆಗೇತ್ರಿ ನಮ್ಮ ಹಿರ್ಯಾಗ, ವಯಸ್ಸಾತಲ್ಲ." ನಾನೂ ನಕ್ಕೆ. ಆ ನಗು ಈಗ ನೆನಪಾದರೆ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸುತ್ತದೆ.

ಹುಡುಗಿಯರೇ, ಇದನ್ನು ಮಾತ್ರ ಮರೆಯಬೇಡಿ. ಮುದುಕರ ಕಣ್ಣು ಮೊದಲೇ ಮಂಕಾಗಿರುತ್ತದೆ, ಮಣ್ಣಿನ ಮನೆಯ ಕತ್ತಲೆಯಲ್ಲಿ ಹಳದಿ ಕಾಣುವುದೇ ಇಲ್ಲ. ಕೈ ಹಿಡಿದು ಅಂಗಳದ ಬಿಸಿಲಿಗೆ ಕರೆತಂದು ಕಣ್ಣಿನ ರೆಪ್ಪೆ ಸರಿಸಿ ನೋಡಬೇಕು, ನಾಲಗೆಯ ಅಡಿ ನೋಡಬೇಕು. ಮೂತ್ರದ ಬಣ್ಣ ಕೇಳಬೇಕು, ನಾಚಿಕೆ ಪಡಬಾರದು. ಕಾಮಾಲೆಯಾದ ಮುದುಕ ಹಗಲು ನಿದ್ದೆ ಮಾಡಿ ತಿಕ್ಕಲು ತಿಕ್ಕಲು ಮಾತಾಡತೊಡಗಿದರೆ ಅದು ಅರಳುಮರಳಲ್ಲ. ಲಿವರು ಸೋತು ತಲೆಗೆ ವಿಷ ಏರುತ್ತಿದೆ ಎಂದು ಅರ್ಥ. ಆ ಗಳಿಗೆಯಲ್ಲೇ ದೊಡ್ಡ ಆಸ್ಪತ್ರೆಗೆ ಗಾಡಿ ಕಟ್ಟಿಸಬೇಕು. ನಾನು ಬಿಸಿಲಿಗೆ ಕರೆತಂದು ನೋಡಲಿಲ್ಲ. ಐದನೆಯ ದಿನ ಕಲ್ಲಪ್ಪಜ್ಜ ಸತ್ತ. ಮೈ ತೊಳೆಯುವಾಗ ಬೆಳಕಿನಲ್ಲಿ ನೋಡಿದರೆ ಅರಿಶಿನ ಹಚ್ಚಿದ ಹಾಗೆ ಹಳದಿ. ಸಾಹೇಬರು ಶುಕ್ರವಾರ ಬಂದು ಕಾರಣದ ಮುಂದೆ "ವಯಸ್ಸು" ಎಂದು ಬರೆದರು. ವಯಸ್ಸು ಅಂತೆ! ಎಪ್ಪತ್ತು ತುಂಬಿದ ಮನುಷ್ಯನಿಗೆ ರೋಗ ಬರುವ ಹಕ್ಕೂ ಇಲ್ಲವೇ?

ಯುಗಾದಿಯ ಹೊತ್ತಿಗೆ ಇನ್ನೂ ನಾಲ್ಕು ಮಂದಿ ಹಳದಿಯಾದರು, ನಾಲ್ವರೂ ವಯಸ್ಸಾದವರು. ಐದನೆಯವಳು ಸಾವಂತ್ರವ್ವ. ಬಾಯಿಯಲ್ಲಿ ಸದಾ ಎಲೆ ತಂಬಾಕು ಇಟ್ಟುಕೊಳ್ಳುವ ಹೆಂಗಸು ಒಂದು ದಿನ ನನ್ನ ಹೊಸ್ತಿಲಲ್ಲಿ ಕುಳಿತು, "ತಂಬಾಕಿನ ವಾಸನಿ ಬಂದ್ರ ಹೊಟ್ಟಿ ತೊಳಸ್ತೈತ್ರಿ ಬಾಯಾರ" ಅಂದಳು. ಈ ಸಲ ಬಿಸಿಲಿಗೆ ಕರೆತಂದು ನೋಡಿದೆ. ಹಳದಿ.

ಸಾಹೇಬರಿಗೆ ಹೇಳಿದೆ. ಸಾವಂತ್ರವ್ವನ ಕಡೆ ನೋಡಿ "ವಯಸ್ಸಾತಲ್ಲ" ಅಂದರು. "ಕೆರೆ ನೀರು ಕುಡೀತಾರಲ್ಲ, ನೀರಿನಿಂದ ಅಂತ ಬರೀರಿ. ಕೆರೆಗೆ ಬ್ಲೀಚಿಂಗ್ ಪೌಡರ್ ಹಾಕಿಸ್ರಿ" ಎಂದು ಹೇಳಿ ಮೋಟಾರ್ ಸೈಕಲ್ ಹತ್ತಿದರು. ಅವರು ಬರೆಸಿದ್ದು "ನೀರು" ಎಂಬ ಒಂದೇ ಮಾತು. ಊರು ಅದನ್ನು "ಕೇರಿ" ಎಂದು ಓದಿಕೊಂಡಿತು.

ಯಾಕೆಂದರೆ ಕೇರಿಯವರು ಕೆರೆಯ ಮೆಟ್ಟಿಲಿಗೆ ಬಂದು ಆಗ ಎರಡು ವರ್ಷವೂ ಆಗಿರಲಿಲ್ಲ. ಮೊದಲು ಅವರಿಗೆ ಕೆರೆಯ ಕೋಡಿಯ ಕೆಳಗಿನ ಹೊಂಡವೇ ಗತಿ. ದೀಕ್ಷೆ ತೆಗೆದುಕೊಂಡ ಮೇಲೆ ಅವರ ಹರೆಯದವರು ಗಟ್ಟಿಯಾಗಿ ನಿಂತರು, ಮಾಮಲೇದಾರರು ಬಂದು ಹೋದರು, ಮೆಟ್ಟಿಲು ಎಲ್ಲರದಾಯಿತು. ಮೊದಲ ಕೊಡ ಹೊತ್ತು ಇಳಿದವಳು ಸಾವಂತ್ರವ್ವ. ಆ ಕೊಡವನ್ನು ಊರು ಮರೆತಿರಲಿಲ್ಲ. ಈಗ ಅವಳ ಕಣ್ಣು ಹಳದಿಯಾದದ್ದು ಬಜಾರಿಗೆಲ್ಲ ಕಾಣಿಸಿತು. ಚೇರಮನ್ನರು ತಮ್ಮ ಆಳು ಫಕೀರಪ್ಪನ ಕೈಗೆ ಒಂದು ಕೋಲು ಕೊಟ್ಟು ಮೆಟ್ಟಿಲ ಮೇಲೆ ಕೂಡಿಸಿದರು.

"ಇದರಾಗ ಜಾತಿ ಮಾತು ಇಲ್ರಿ ಬಾಯಾರ" ಎಂದು ನನಗೇ ತಿಳಿಸಿ ಹೇಳಿದರು. "ಜಾತಿ ಅಂದ್ರ ಕೇಸು ಆಕ್ಕೈತಿ. ನಾವು ರೋಗ ಅಂತೀವಿ. ನಿಮ್ಮ ಡಾಕ್ಟರ ಬರದಾರಲ್ಲ, ನೀರು ಅಂತ."

ಸಾವಂತ್ರವ್ವ ಖಾಲಿ ಕೊಡದೊಂದಿಗೆ ಮೆಟ್ಟಿಲಿನಿಂದ ತಿರುಗಿ ಬಂದದ್ದನ್ನು ನಾನು ನೋಡಿದೆ. "ಇಳೀಬ್ಯಾಡ ಬೇ ಮುದುಕಿ, ಊರ ತುಂಬ ಹಳದಿ ಮಾಡಿದಿ, ಸಾಲದೇನು?" ಎಂದು ಫಕೀರಪ್ಪ ಕೋಲು ಅಡ್ಡ ಹಿಡಿದಿದ್ದ. ಅವನ ಹೊಕ್ಕಳ ಕೊಯ್ದವಳು ಅವಳೇ. ಅದು ಅವನಿಗೂ ಗೊತ್ತಿತ್ತು, ಅದಕ್ಕೇ ಮುಖ ಆಚೆ ತಿರುಗಿಸಿ ಕೋಲು ಹಿಡಿದಿದ್ದ. ಕೇರಿಯ ಹೆಂಗಸರು ಮತ್ತೆ ಹೊಂಡಕ್ಕೆ ಹೋದರು. ಹೋಗುವಾಗ ಅವರಲ್ಲೇ ಒಬ್ಬಳು ಸಾವಂತ್ರವ್ವನಿಗೆ ಕೇಳಿಸುವ ಹಾಗೆ, "ನಮ್ಮ ನೀರೂ ಹೋತು ಇಕಿ ಸಲುವಾಗಿ" ಅಂದಳು. ಆ ಮಾತು ಅವಳಿಗೆ ಕೋಲಿಗಿಂತ ಹೆಚ್ಚು ತಾಗಿತು.

ಅವಳ ಮಗ ಬಾಜು ಊರಿಗೆ ಕರೆದೊಯ್ದು ಚುಟಿಗಿ ಹಾಕಿಸಿದ. ಚುಟಿಗಿ ಎಂದರೆ ಕಾದ ಕಬ್ಬಿಣದಿಂದ ಮಣಿಕಟ್ಟಿನ ಮೇಲೆ ಸುಡುವುದು, ಕಾಮಾಲೆಗೆ ನಮ್ಮ ಕಡೆಯ ಮದ್ದು. ಉಪ್ಪಿಲ್ಲ, ಎಣ್ಣೆಯಿಲ್ಲ, ಬರೀ ಗಂಜಿ. ನಾನು ಹೋದಾಗ ಸುಟ್ಟ ಗಾಯ ಕೀವಾಗಿತ್ತು, ಮುದುಕಿ ಒಣಗಿದ ಕಟ್ಟಿಗೆಯಾಗಿದ್ದಳು. ಮಗನನ್ನು ಬೈದೆ. ಅವನು ತಿರುಗಿ ಕೇಳಿದ: "ನೀವೇನ ಕೊಟ್ರಿ ಬಾಯಾರ? ನಿಮ್ಮ ಸಾಹೇಬ್ರು ವಯಸ್ಸಾತು ಅಂದ್ರು. ಅಂವ ಚುಟಿಗಿ ಹಾಕಾಂವ ಒಬ್ಬನ ನಮ್ಮವ್ವಗ ರೋಗ ಐತಿ ಅಂದ." ಅವನ ಮಾತು ಖರೇ ಇತ್ತು.

ಮರುದಿನ ಮೊದಲ ಬಸ್ಸಿಗೆ ಅವಳನ್ನು ನಾನೇ ಹುಬ್ಬಳ್ಳಿಗೆ ಕರೆದೊಯ್ದೆ. ದೊಡ್ಡ ಆಸ್ಪತ್ರೆಯಲ್ಲಿ ಒಬ್ಬ ಹರೆಯದ ಡಾಕ್ಟರಮ್ಮ ಇದ್ದರು. ರಕ್ತ ತೆಗೆದರು. ಮೂರು ದಿನ ಅಲ್ಲಿಯೇ ಇಟ್ಟುಕೊಂಡು, ಗಾಯ ತೊಳೆದು, ಉಣ್ಣಿಸಿ, ನಾನು ಮತ್ತೆ ಹೋದಾಗ ಚೀಟಿ ತೋರಿಸಿದರು. "ಇದು ನೀರಿನ ಕಾಮಾಲೆ ಅಲ್ಲ ಸಿಸ್ಟರ್. ಹೆಪಟೈಟಿಸ್ ಬಿ. ರಕ್ತದಿಂದ ರಕ್ತಕ್ಕೆ ಹೋಗೋದು. ತಿಂಗಳುಗಟ್ಟಲೆ ಒಳಗೇ ಇದ್ದು ಆಮೇಲೆ ಕಾಣಿಸ್ತದೆ. ಅಜ್ಜಿ, ನಿಮಗೆ ಈ ನಾಲ್ಕಾರು ತಿಂಗಳಲ್ಲಿ ಯಾರಾದರೂ ಸೂಜಿ ಮಾಡಿದ್ರಾ?"

ನಾನು ಚೀಲ ಹಿಡಿದು ನಿಂತಿದ್ದೆ. ಉತ್ತರ ಹೇಳಬೇಕಾದವಳು ನಾನು, ಹೇಳಲಿಲ್ಲ. ಸಾವಂತ್ರವ್ವನೇ ಮುಖ ಅರಳಿಸಿಕೊಂಡು ಅಂದಳು: "ಹೂಂನ್ರಿ, ನಮ್ಮ ಬಾಯಾರ ಮಾಡ್ತಾರ ಪ್ರತಿ ಗುರುವಾರ. ಭಾಳ ಹಗರ ಕೈ ರೀ ಅವರದು. ಚುಚ್ಚಿದ್ದ ಗೊತ್ತಾಗಂಗಿಲ್ಲ."

ಡಾಕ್ಟರಮ್ಮ ನನ್ನ ಕಡೆ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

ತಿರುಗಿ ಬರುವಾಗ ಬಸ್ಸಿನಲ್ಲಿ ಅವಳು ನನ್ನ ಸೆರಗು ಹಿಡಿದು ಕೇಳಿದಳು. "ಬಾಯಾರ, ಖರೇ ಹೇಳ್ರಿ. ಊರಿಗೆ ಇದು ನನ್ನಿಂದ ಬಂತೇನ್ರಿ? ನಾ ಕೆರಿಗೆ ಇಳದದ್ದಕ್ಕ ಬಂತೇನ್ರಿ? ನಾ ಸತ್ರ ಸಾಯ್ತೀನಿ, ಅದಕ್ಕಲ್ಲ. ನನ್ನ ಹೆಸರಿನ ಮ್ಯಾಲ ಕೇರಿಗೆ ನೀರು ಬಂದ್ ಆತಲ್ಲ, ಆ ಮಾತು ಹೊತಗೊಂಡು ಹೆಂಗ ಸಾಯಲಿ?"

"ನೋಡೂಣು" ಅಂದೆ. ಅಷ್ಟೇ ಅಂದೆ ನಾನು.

ಮನೆಗೆ ಬಂದು ಕೈಕಾಲು ಸಹ ತೊಳೆಯದೆ ದಿನಚರಿ ತೆಗೆದೆ. ಹಳದಿಯಾದವರು ಒಟ್ಟು ಆರು ಮಂದಿ. ಆರೂ ಮಂದಿ ಗುರುವಾರದ ಸಾಲಿನವರು. ಸಾಲಿಗೆ ಬಾರದ ಒಬ್ಬ ಮುದುಕನೂ ಅದರಲ್ಲಿಲ್ಲ. ಅದೇ ಕೆರೆಯ ನೀರು ಕುಡಿಯುವ ಮಕ್ಕಳಿಲ್ಲ, ಸೊಸೆಯರಿಲ್ಲ, ದುಡಿಯುವ ಗಂಡಸರಿಲ್ಲ. ನೀರಿಗೆ ಮುದುಕರನ್ನೇ ಆರಿಸಿಕೊಳ್ಳುವ ಕಣ್ಣಿದೆಯೇ? ಹಾಳೆ ಹಿಂದಕ್ಕೆ ತಿರುವಿದೆ. ಸಂಕ್ರಾಂತಿ. "ಗೌರವ್ವ ಬಂದಿಲ್ಲ. ಅನ್ನ ಕಂಡರೆ ವಾಕರಿಕೆಯಂತೆ." ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಮುಂದೆ ನಿಲ್ಲುವಾಕೆ. ಹುಬ್ಬಳ್ಳಿಯಲ್ಲಿ ಎರಡು ಬಾಟಲಿ ರಕ್ತ ಏರಿಸಿಕೊಂಡು ಬಂದಾಕೆ. ಮೈಲಿಗೆಯಾಗಬಾರದೆಂದು ಊರು ಕಟ್ಟಿದ ಸಾಲು, ಮುಂದಿನವರ ರೋಗವನ್ನು ಹಿಂದಿನವರಿಗೆ ಒಬ್ಬೊಬ್ಬರಾಗಿ ದಾಟಿಸಿತ್ತು. ದಾಟಿಸಿದ ಕೈ ನನ್ನದು.

ಶುಕ್ರವಾರ ಸಾಹೇಬರ ಮುಂದೆ ದಿನಚರಿ ಇಟ್ಟೆ. ಓದಿದರು. ಅವರು ಮೂರ್ಖರಲ್ಲ, ಎರಡು ಮಿನಿಟಿನಲ್ಲಿ ತಿಳಿಯಿತು. ಬೆವರು ಒರೆಸಿಕೊಂಡರು. "ಸಿಸ್ಟರ್, ನೀರು ಅಂತ ಬರೆದು ಮೇಲೆ ಕಳಿಸಿ ಆಗಿದೆ. ಈಗ ಇದನ್ನು ಎತ್ತಿದರೆ ನಿಮ್ಮ ನೌಕರಿ ಹೋಗ್ತದೆ, ನನ್ನದೂ ಹೋಗ್ತದೆ. ಹೋದವರು ಯಾರು? ಒಬ್ಬ ಮುದುಕ. ಉಳಿದವರಿಗೂ ವಯಸ್ಸಾತಲ್ಲ."

"ಸರ್, ಕೇರಿಗೆ ನೀರು ಬಂದ್ ಆಗೇತಿ" ಅಂದೆ.

"ಅದು ಆರೋಗ್ಯ ಇಲಾಖೆಯ ವಿಷಯ ಅಲ್ಲ."

ಆ ಮನುಷ್ಯನ ಮೇಲೆ ನನಗೆ ಇವತ್ತಿಗೂ ಸಿಟ್ಟಿದೆ. ಸೂಜಿಯ ತಪ್ಪಿಗಲ್ಲ. ಅದು ನನ್ನದೂ ಹೌದು, ಎಣ್ಣೆ ಕೊಡದ ಇಲಾಖೆಯದೂ ಹೌದು. ಗೊತ್ತಾದ ಮೇಲೂ ಮುಚ್ಚಿಟ್ಟರಲ್ಲ, ಅದಕ್ಕೆ ಸಿಟ್ಟು.

ಅಲ್ಲಿಂದ ನೇರ ಚೇರಮನ್ನರ ಮನೆಗೆ ಹೋದೆ. ಗೌರವ್ವ ಪಡಸಾಲೆಯ ಕಂಬಕ್ಕೆ ಒರಗಿ ಕುಳಿತಿದ್ದಳು, ಬಡಕಲಾಗಿದ್ದಳು. ನಾನು ಎಲ್ಲವನ್ನೂ ಹೇಳಿದೆ. ಚೇರಮನ್ನರು ಕಿವಿ ಕೆಂಪಗೆ ಮಾಡಿಕೊಂಡು, "ಏನಂತೀರಿ? ನಮ್ಮವ್ವನಿಂದ ಕೇರಿಯಾಕಿಗೆ ಬಂತಂತೀರಿ? ನಮ್ಮವ್ವಗ ಕಾಮಣಿ ಆಗಿಲ್ರಿ. ವಯಸ್ಸಾತು, ಊಟ ಸೇರಂಗಿಲ್ಲ, ಅಷ್ಟ" ಅಂದರು.

"ಸುಳ್ಳ ಯಾಕ ಹೇಳ್ತಿ ಲೇ?" ಅಂದಳು ಗೌರವ್ವ ಕಂಬದ ಕಡೆಯಿಂದ. "ಸಂಕ್ರಾಂತಿಗೆ ನನಗ ಹಳದಿ ಆಗಿತ್ತು. ನನ್ನ ಉಚ್ಚಿ ಎಣ್ಣಿ ಆದಂಗ ಆಗಿತ್ತು. ಹೊರಗ ಹೇಳಬ್ಯಾಡ, ಮನಿ ಮರ್ಯಾದಿ ಹೊಕ್ಕೈತಿ ಅಂದಾಂವ ನೀನ. ಆ ಸಾವಂತ್ರಿ ಕೈಯಾಗ ನೀ ಹುಟ್ಟೀದಿ. ಈಗ ಆಕಿ ಕೊಡಕ್ಕ ಕೋಲು ಅಡ್ಡ ಹಿಡಸ್ತೀಯೇನು?"

ಚೇರಮನ್ನರು ನನ್ನ ಕಡೆ ತಿರುಗಿ, "ಹಂಗಾರ ಮಂದಿಗೆ ನಾ ಏನ ಹೇಳ್ಲಿ? ನಮ್ಮವ್ವನ ಹೆಸರು ತರಂಗಿಲ್ಲ ನಾ. ಯಾರ ಮ್ಯಾಲರ ಹಾಕಬೇಕಲ್ಲ" ಅಂದರು.

"ನನ್ನ ಮ್ಯಾಲ ಹಾಕ್ರಿ" ಅಂದೆ. "ಯಾರವ್ವನ ಹೆಸರೂ ಬ್ಯಾಡ. ಗುರುವಾರ ನಾನ ಹೇಳ್ತೀನಿ."

ಗುರುವಾರ ಸಾಲು ಬಂತು. ಸಿರಿಂಜು ಮೇಜಿನ ಮೇಲಿರಲಿಲ್ಲ. ನಾನು ನಿಂತುಕೊಂಡು ಹೇಳಿದೆ: "ಈ ಹಳದಿ ಕೆರಿ ನೀರಿಂದ ಬಂದದ್ದಲ್ಲ. ಕೇರಿಯಿಂದ ಬಂದದ್ದಲ್ಲ. ನನ್ನ ಸೂಜಿಯಿಂದ ಬಂದದ್ದು. ಒಬ್ಬರ ರಕ್ತ ಇನ್ನೊಬ್ಬರಿಗೆ ನಾ ಹಾಕೀನಿ. ಕುದಿಸಬೇಕಾಗಿತ್ತು, ಕುದಿಸಲಿಲ್ಲ."

ಮೊದಲು ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಕೂಗಾಟ ಎದ್ದಿತು. "ಪಗಾರ ತಗೊಂಡು ನಮ್ಮನ್ನ ಕೊಲ್ಲಾಕ ಬಂದಿಯೇನ ಬೇ?" ಎಂದು ಒಬ್ಬ ಮುದುಕ ಕೋಲು ಎತ್ತಿದ. ಇನ್ನೊಬ್ಬ ಉಗುಳಿದ. ಅದನ್ನೆಲ್ಲ ನಾನು ತಡೆದುಕೊಂಡೆ. ತಡೆದುಕೊಳ್ಳಲಾರದೆ ಹೋದದ್ದು ನಿಂಗವ್ವನ ಮಾತನ್ನು. ಅವಳು ಕೂಗಲಿಲ್ಲ. ಸಾಲಿನಿಂದ ಹೊರಗೆ ಬಂದು, ಹೊಸ ವಿಷಯ ತಿಳಿದವಳ ಹಾಗೆ ಮೆಲ್ಲಗೆ ಅಂದಳು: "ಹಂಗಾರ ನಮ್ಮವರು ವಯಸ್ಸಾಗಿ ಸಾಯಲಿಲ್ಲ."

"ಇಲ್ಲ ನಿಂಗವ್ವ" ಅಂದೆ.

ಸಾವಂತ್ರವ್ವ ಕಡೆಯಲ್ಲಿ ಗೋಡೆ ಹಿಡಿದು ನಿಂತಿದ್ದಳು. ಎಲ್ಲರೂ ಹೋದ ಮೇಲೆ ಹತ್ತಿರ ಬಂದಳು. ಕ್ಷಮಿಸುತ್ತಾಳೆ ಅಂದುಕೊಂಡೆ. ಕ್ಷಮಿಸಲಿಲ್ಲ.

"ಹತ್ತು ರೊಟ್ಟಿ ಅಂದಿದ್ರಿ" ಅಂದಳು. "ಹತ್ತೊಂಬತ್ತು ಮಿನಿಟಾದ್ರೂ ನಡಿಯಂಗಿಲ್ಲ ಅಂದಿದ್ರಿ. ಮಳಿಗಾಲದಾಗ ಹಸಿ ಕುಳ್ಳು ಊದಿ ಊದಿ ನನ್ನ ಕಣ್ಣ ಹೋದ್ವು ಬಾಯಾರ. ನೀವು ನನಗ ಅಷ್ಟ ಹೇಳಿ, ನೀವ..." ಮಾತು ಮುಗಿಸದೆ ಹೋದಳು.

ಮರುದಿನ ಮೆಟ್ಟಿಲ ಮೇಲೆ ಫಕೀರಪ್ಪ ಇರಲಿಲ್ಲ. ತಪ್ಪಾಯಿತೆಂದು ಯಾರೂ ಅನ್ನಲಿಲ್ಲ, ಕೋಲು ಮಾತ್ರ ಎದ್ದು ಹೋಯಿತು. ಸಾವಂತ್ರವ್ವ ಅರ್ಧ ಕೊಡ ನೀರು ತುಂಬಿಕೊಂಡು ಮೂರು ಕಡೆ ಕುಳಿತು ಸುಧಾರಿಸಿಕೊಂಡು ಮನೆ ಮುಟ್ಟಿದಳು. ಹಿಂದೆ ಚುಚ್ಚುಮಾತು ಆಡಿದ ಆ ಹೆಂಗಸೇ ಕೊಡ ಇಳಿಸಿಕೊಂಡಳಂತೆ.

ಹಳದಿ ಬಂದದ್ದು ಸೂಜಿಯಿಂದ ಎಂದು ತಿದ್ದಿ ಬರೆದು ಇಲಾಖೆಗೂ ಒಂದು ಕಾಗದ ಕೊಟ್ಟೆ. ತಿಂಗಳೊಳಗೆ ನನಗೆ ಕುಂದಗೋಳ ತಾಲೂಕಿಗೆ, ಗುಡಗೇರಿಯ ಕಡೆಗೆ ವರ್ಗ ಬಂತು. ಕಾರಣ ಬರೆದಿರಲಿಲ್ಲ. ಆ ತಿಂಗಳು ನಾನು ಕೆಂಪು ಸೂಜಿ ಮಾಡಲಿಲ್ಲ. ಗುಳಿಗೆ ಕೊಟ್ಟೆ, ಬೈಸಿಕೊಂಡೆ. ಸೂಜಿ ಬೇಕೇಬೇಕಾದವರಿಗೆ ಮಾತ್ರ, ಒಬ್ಬೊಬ್ಬರಿಗೂ ಬೇರೆಯಾಗಿ ಸಿರಿಂಜು ಸೂಜಿ ಎರಡೂ ಕುದಿಸಿ ಮಾಡಿದೆ. ಚಿಮಣಿ ಎಣ್ಣೆ ತೀರಿದಾಗ ಅಂಗಳದಲ್ಲಿ ಮೂರು ಕಲ್ಲು ಹೂಡಿದೆ.

ನಿಮಗೆ ಈಗ ಒಬ್ಬರಿಗೊಂದು ಸಿರಿಂಜು ಬರುತ್ತದೆ, ಪೊಟ್ಟಣ ಹರಿದು, ಒಮ್ಮೆ ಚುಚ್ಚಿ ಬಿಸಾಡುತ್ತೀರಿ. ರಕ್ತ ಏರಿಸುವ ಮೊದಲು ಪರೀಕ್ಷೆ ಇದೆ, ಹೆಪಟೈಟಿಸ್ ಬಿಗೆ ಲಸಿಕೆಯೂ ಇದೆ. ಒಳ್ಳೆಯದೇ. ಆದರೆ ಮೊನ್ನೆ ನಮ್ಮ ಓಣಿಯ ದವಾಖಾನೆಯಲ್ಲಿ ಒಬ್ಬ ಅಜ್ಜ ಉಣ್ಣುವುದು ಬೇಡವಾಗಿದೆ ಅಂದಾಗ, ಹೊಸ ಡಾಕ್ಟರು ತಲೆ ಎತ್ತದೆ "ವಯಸ್ಸಾತಲ್ಲ ಅಜ್ಜಾರ" ಅಂದರು. ನನ್ನ ಮೈ ಉರಿದುಹೋಯಿತು. ಸಿರಿಂಜು ಬದಲಾಯಿತು, ಆ ಮಾತು ಬದಲಾಗಲಿಲ್ಲ. ಹೊರಗೆ ಬಂದ ಅಜ್ಜನನ್ನು ಬಿಸಿಲಿಗೆ ನಿಲ್ಲಿಸಿ ಕಣ್ಣು ನೋಡಿಯೇ ಮನೆಗೆ ಬಂದೆ. ಪುಣ್ಯಕ್ಕೆ ಬಿಳಿ ಇತ್ತು.

ಆ ಊರಿನ ದಫ್ತರದಲ್ಲಿ ಇವತ್ತಿಗೂ "ನೀರು" ಎಂದೇ ಇರಬೇಕು. ಕಲ್ಲಪ್ಪಜ್ಜನ ಮುಂದೆ "ವಯಸ್ಸು" ಎಂದೇ ಇರಬೇಕು. ನಾನು ತಿದ್ದಿ ಬರೆದುಕೊಟ್ಟ ಕಾಗದ ಯಾವ ಕಪಾಟಿನ ಯಾವ ಕಟ್ಟಿನಲ್ಲಿ ಗೆದ್ದಲು ತಿಂದಿತೋ.

ಅಲ್ಲಿಯ ನನ್ನ ಕಡೆಯ ಗುರುವಾರ, ಅಂಗಳದ ಒಲೆಯ ಮೇಲೆ ಡಬ್ಬಿ ಇಟ್ಟಿದ್ದೆ. ಸಾವಂತ್ರವ್ವ ಬಂದಳು. ಅವತ್ತಿನವರೆಗೆ ನನ್ನ ಹತ್ತಿರ ಮಾತು ಬಿಟ್ಟಿದ್ದಳು. ಒಲೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು ಹತ್ತಿಕಟ್ಟಿಗೆ ಮುಂದಕ್ಕೆ ದೂಡಿದಳು. ನೀರು ಕುದಿಯತೊಡಗಿದ ಮೇಲೆ ಬೆರಳು ಮಡಚುತ್ತ ಕುಳಿತಳು. ಅಷ್ಟರಲ್ಲಿ ಫಕೀರಪ್ಪ ಕುಂಟುತ್ತ ಬಂದ. ಗುದ್ದಲಿ ಬಿದ್ದು ಕಾಲು ಹರಿದಿತ್ತು, ಧನುರ್ವಾಯು ಆಗದ ಹಾಗೆ ಟಿಟಿ ಸೂಜಿ ಮಾಡಬೇಕಿತ್ತು.

"ಲಗೂನ ಒಂದು ಚುಚ್ಚಿ ಬಿಡ್ರಿ ಬಾಯಾರ, ಅಣ್ಣಿಗೇರಿ ಬಸ್ಸು ಹೊಂಟೈತಿ" ಅಂದ.

ನಾನು ಬಾಯಿ ತೆರೆಯುವ ಮೊದಲೇ ಸಾವಂತ್ರವ್ವ ತನ್ನ ಒಲೆಕಟ್ಟಿಗೆಯನ್ನು ಅವನಿಗೂ ಡಬ್ಬಿಗೂ ನಡುವೆ ಅಡ್ಡ ಹಿಡಿದಳು.

"ಆರು ರೊಟ್ಟಿ ಆಗ್ಯಾವ" ಅಂದಳು. "ಇನ್ನ ನಾಕು ಅದಾವ. ನಿಂದರು."

ಅವನು ನಿಂತ.